ತಗಡು, ತುಕ್ಕು, ತಾಳ್ಮೆ: ಎಂಜಿಬಿ ಕಾರಿನ ಮನೆದುರಸ್ತಿ ನಡೆದುಬಂದ ದಾರಿ

ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿ ಟ್ಯಾಪೆಟ್ ಹೊಂದಿಸಿದ ಕೈಗೆ ಎಂಜಿಬಿ ಕಾರಿನ ಎಂಜಿನ್ ಅಪರಿಚಿತ ಎನಿಸದು. ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಲದವು. ನಮ್ಮೂರ ಟ್ಯಾಕ್ಸಿಗಳಲ್ಲಿ ದುಡಿದದ್ದು 1489 ಸಿಸಿಯದು, ಎಂಜಿಬಿಯದು 1798 ಸಿಸಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಮಿಕ್ಕಿ ಹೊರಬಂದ ಈ ಎರಡು ಬಾಗಿಲಿನ ಕಾರು, ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ ಜೋಡಿಸುವವರ ಅಚ್ಚುಮೆಚ್ಚಿನ ವಾಹನವಾಯಿತು. ಅದು ಹೇಗಾಯಿತೆಂದು ಹುಡುಕುತ್ತ ಹೋದರೆ ಎಂಜಿನ್ನಿಗಿಂತ ತಗಡಿನ ಕಥೆಯೇ ದೊಡ್ಡದೆಂದು ತಿಳಿಯುತ್ತದೆ.

ಈ ಹವ್ಯಾಸದ ಬೇರು ಇರುವುದು ಯುದ್ಧಾನಂತರದ ಕೊರತೆಯ ದಿನಗಳಲ್ಲಿ. ಹೊಸ ಕಾರು ಕೊಳ್ಳಲಾಗದ ಬ್ರಿಟಿಷ್ ಹುಡುಗರು ಹಳೆಯ ಆಸ್ಟಿನ್ ಸೆವೆನ್ ಕಾರುಗಳನ್ನು ಅಗ್ಗಕ್ಕೆ ತಂದು, ಬಾಡಿ ಕಿತ್ತು, ಚಾಸಿಯ ಮೇಲೆ ತಮಗೆ ತೋಚಿದ ಆಕಾರ ಕೂರಿಸುತ್ತಿದ್ದರು. ‘ಸ್ಪೆಷಲ್’ ಎಂದು ಅದಕ್ಕೆ ಹೆಸರು. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್ಮನ್ 1948ರಲ್ಲಿ ತಯಾರಿಸಿದ ಮೊದಲ ಕಾರು ಇಂಥದ್ದೇ. 1956ರಲ್ಲಿ ಜಾನ್ ಹೇನ್ಸ್ ಎಂಬ ಶಾಲಾಬಾಲಕ ತಾನು ಸ್ಪೆಷಲ್ ಕಟ್ಟಿದ ಬಗೆಯನ್ನು ಪುಟ್ಟ ಪುಸ್ತಿಕೆಯಾಗಿ ಅಚ್ಚು ಹಾಕಿಸಿದ. ಮುಂದೆ ವಾಯುಪಡೆ ಸೇರಿ ಏಡನ್‌ನಲ್ಲಿದ್ದಾಗ, ಗೆಳೆಯನೊಬ್ಬನ ಆಸ್ಟಿನ್-ಹೀಲಿ ಸ್ಪ್ರೈಟ್ ಬಿಚ್ಚಿ ಜೋಡಿಸಲು ಕಂಪನಿಯ ಕೈಪಿಡಿ ಕೆಲಸಕ್ಕೆ ಬರಲಿಲ್ಲ. ಒಂದೊಂದು ಹಂತವನ್ನೂ ಫೋಟೋ ತೆಗೆದಿಟ್ಟುಕೊಂಡ. 1966ರಲ್ಲಿ ಹೇನ್ಸ್ ಕೈಪಿಡಿಗಳ ಮೊದಲನೆಯದು ಬಂದದ್ದು ಹಾಗೆ. ಮೆಕ್ಯಾನಿಕ್ಕನ ಕೈಗುಣ ಅಡುಗೆಮನೆಯ ಮೇಜಿಗೆ ಇಳಿದು ಬಂದದ್ದು ಈ ಪುಸ್ತಕಗಳಿಂದ. ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಮಾಡಿದವರು ಕಡಿಮೆ.

ಆದರೆ ಎಂಜಿಬಿ ಹಳೆಯ ವಿದ್ಯೆಗೆ ಬಗ್ಗುವ ಕಾರಾಗಿರಲಿಲ್ಲ. ಅದಕ್ಕೆ ಬೇರೆ ಚಾಸಿಯೇ ಇಲ್ಲ. ತಗಡಿನ ಪೆಟ್ಟಿಗೆಯೇ ಕಾರಿನ ಬೆನ್ನೆಲುಬು. ಬಾಗಿಲ ಕೆಳಗಿನ ‘ಸಿಲ್’ ಎಂಬ ಭಾಗದಲ್ಲಿ ಪದರದ ಮೇಲೆ ಪದರ ಬೆಸೆದ ಟೊಳ್ಳು ಇದೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು, ಕೆಸರು ಅದರೊಳಗೆ ಸೇರಿ ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಬಣ್ಣದಡಿ ಸಣ್ಣ ಗುಳ್ಳೆ ಕಂಡಾಗ ಒಳಗೆ ಸಾಮಾನ್ಯವಾಗಿ ತಗಡೇ ಉಳಿದಿರುವುದಿಲ್ಲ. ತೆರೆದ ಕಾರಿಗೆ ಮೇಲ್ಛಾವಣಿಯ ಆಸರೆಯೂ ಇಲ್ಲದ್ದರಿಂದ, ಕೊಳೆತ ಸಿಲ್ ಕತ್ತರಿಸಿದೊಡನೆ ನಡು ಕುಸಿಯುತ್ತದೆ. ಹಾಗಾಗಿಯೇ ಬಲ್ಲವರು ಮೊದಲು ಬಾಗಿಲ ಕಂಬಗಳ ನಡುವೆ ಕಬ್ಬಿಣದ ಅಡ್ಡಪಟ್ಟಿ ಬಿಗಿಯುತ್ತಾರೆ. ಹೊಸ ಸಿಲ್ಲನ್ನು ಪೂರ್ತಿ ಬೆಸೆಯುವ ಮುನ್ನ ಬಾಗಿಲು ತೂಗುಹಾಕಿ, ಸುತ್ತಲಿನ ಸಂದು ಮೇಲಿಂದ ಕೆಳಗೆ ಒಂದೇ ಅಳತೆಯಲ್ಲಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಾರೆ. ಇಲ್ಲಿ ಅವಸರಪಟ್ಟರೆ ಆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚದು.

ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತಿತ್ತು. ಸಣ್ಣ ಮಿಗ್ ವೆಲ್ಡಿಂಗ್ ಯಂತ್ರಗಳು ಮನೆಯವರ ಕೈಗೆಟುಕಿದ ಮೇಲೆ ಟಿಂಕರಿಂಗ್ ಕೆಲಸ ಶನಿವಾರ-ಭಾನುವಾರದ ಹವ್ಯಾಸವಾಯಿತು. ಹೊತ್ತಿಗೆ ಸರಿಯಾಗಿ, 1973ರಲ್ಲಿ ಹುಟ್ಟಿದ ಎಂಜಿ ಓನರ್ಸ್ ಕ್ಲಬ್ಬು ಅನುಭವಿಗಳನ್ನೂ ಹೊಸಬರನ್ನೂ ಒಂದೆಡೆ ತಂದಿತ್ತು.

ನಿಜವಾದ ತಿರುವು 1988ರದು. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಎಂಜಿಬಿಯ ಮೂಲ ಅಚ್ಚುಗಳನ್ನೇ ಒಟ್ಟುಗೂಡಿಸಿ, ಕಾರ್ಖಾನೆ ಮುಚ್ಚಿ ಎಂಟು ವರ್ಷವಾದ ಮೇಲೆ ಹೊಚ್ಚಹೊಸ ಬಾಡಿಗಳನ್ನು ತಯಾರಿಸತೊಡಗಿತು. ಹಳೆಯ ಕಾರಿನ ಎಂಜಿನ್, ಆಕ್ಸಲ್, ಸೀಟುಗಳನ್ನು ಹೊಸ ತಗಡಿಗೆ ವರ್ಗಾಯಿಸಿದರೆ ಕಾರು ಸಿದ್ಧ. ರೋವರ್ ಕಂಪನಿಯೂ ಇದೇ ಬಾಡಿಯ ಆಧಾರದ ಮೇಲೆ ಆರ್‌ವಿ8 ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದಿತು.

ಮಾರ್ಪಾಡಿನ ಹಂಬಲವೂ ಇಂದಿನದಲ್ಲ. 1970ರ ಸುಮಾರಿಗೆ ಕೆನ್ ಕಾಸ್ಟೆಲ್ಲೊ ಎಂಬಾತ ಎಂಜಿಬಿಯೊಳಗೆ ರೋವರ್‌ನ ಮೂರೂವರೆ ಲೀಟರಿನ ವಿ8 ಎಂಜಿನ್ ಕೂರಿಸಿದ. ಅಲ್ಯೂಮಿನಿಯಂ ಆದ್ದರಿಂದ ಅದರ ತೂಕ ಹಳೆಯ ಬೀಡುಕಬ್ಬಿಣದ ಎಂಜಿನ್ನಿನಷ್ಟೇ. ಅದನ್ನು ಕಂಡು ಎಂಜಿಬಿಯ ಕಂಪನಿಯೇ 1973ರಲ್ಲಿ ಜಿಟಿ ವಿ8 ಎಂಬ ಮಾದರಿ ಹೊರತಂದು, 1976ರವರೆಗೆ 2,591 ಕಾರು ಮಾಡಿತು. ಇಂದು ಐದು ಗೇರಿನ ಪೆಟ್ಟಿಗೆ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವವರು ಬಹಳ. ಕೆಲವು ಬದಲಾವಣೆ ಅನಿವಾರ್ಯವೂ ಹೌದು: ಸೀಸದ ಪೆಟ್ರೋಲು ನಿಂತಾಗ ಗಟ್ಟಿ ವಾಲ್ವ್ ಸೀಟು ಬೇಕಾಯಿತು, 2021ರಲ್ಲಿ ಬ್ರಿಟನ್ನಿಗೆ ಶೇ. 10ರವರೆಗೆ ಎಥನಾಲ್ ಬೆರೆತ ಪೆಟ್ರೋಲು ಬಂದಾಗ ಹಳೆಯ ರಬ್ಬರ್ ಕೊಳವೆಗಳನ್ನು ಕಿತ್ತೆಸೆಯಬೇಕಾಯಿತು.

ಎಲ್ಲವನ್ನೂ ಹೊಸದಾಗಿಸಿದ ಮೇಲೆ ಉಳಿದದ್ದು ಯಾವ ಕಾರು? ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಈ ಪ್ರಶ್ನೆಯನ್ನೇ ಎತ್ತಿಕೊಂಡಿದೆ: ಮೂಲವಸ್ತುವನ್ನು ಆದಷ್ಟೂ ಉಳಿಸಿ, ಮಾಡಿದ ಬದಲಾವಣೆಯನ್ನು ದಾಖಲಿಸಿ. ನನ್ನ ಮನಸ್ಸು ಈ ಪಕ್ಷಕ್ಕೇ ವಾಲುತ್ತದೆ. ಎಂಜಿಬಿಯ ಎರಡು ಎಸ್‌ಯು ಕಾರ್ಬೊರೇಟರುಗಳ ಬಾಯಿಗೆ ರಬ್ಬರ್ ಕೊಳವೆಯ ಒಂದು ತುದಿ ಹಿಡಿದು, ಇನ್ನೊಂದನ್ನು ಕಿವಿಗೆ ಇಟ್ಟುಕೊಂಡು, ಗಾಳಿಯ ‘ಹಿಸ್’ ಸದ್ದು ಎರಡರಲ್ಲೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸುವ ಸುಖ ಮೂಲ ಕಾರ್ಬೊರೇಟರನ್ನು ಉಳಿಸಿಕೊಂಡವರಿಗಷ್ಟೇ ದಕ್ಕುತ್ತದೆ.

ನಿಮ್ಮ ಮನೆಯ ಕೊಟ್ಟಿಗೆಯಲ್ಲೂ ಅಜ್ಜನ ಕಾಲದ ಹೆರಾಲ್ಡೋ ಅಂಬಾಸಿಡರೋ ಧೂಳು ಹೊದ್ದು ನಿಂತಿರಬಹುದು. ಬಿಚ್ಚುವ ಮುನ್ನ ಪ್ರತಿ ಹಂತದ ಫೋಟೋ ತೆಗೆಯಿರಿ. ಬೋಲ್ಟುಗಳನ್ನು ಡಬ್ಬಿಗಳಲ್ಲಿ ಹಾಕಿ ಹೆಸರು ಬರೆದಿಡಿ. ಕಳಚಿದ ಮೂಲ ಭಾಗವನ್ನು ಮಾತ್ರ ದಯವಿಟ್ಟು ಗುಜರಿಗೆ ಹಾಕಬೇಡಿ.