ಇರುಳು ಪಾಠಶಾಲೆಯೂ ದುಡಿಯುವ ಜನವೂ

ಕುಣಿಗಲು ತಾಲ್ಲೂಕಿನ ಯಡಿಯೂರು ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿಂದ ನಾಡಿಗೆಲ್ಲ ಪರಿಚಿತವಾದ ಕ್ಷೇತ್ರ. ಆ ಯತಿಗಳೂ ಅವರ ಶಿಷ್ಯಪರಂಪರೆಯವರೂ ವಚನಗಳನ್ನು ರಚಿಸಿ, ಕಲೆಹಾಕಿ, ಓಲೆಗಳಲ್ಲಿ ಉಳಿಸಿದರು. ಅಂತಹ ನೆಲದಲ್ಲಿಯೂ ಉಳುವವನಿಗೆ ವಿದ್ಯೆಯು ಬಹುಕಾಲ ಕಿವಿಯ ಮೂಲಕವೇ ದೊರೆಯಿತು: ಮಠದ ಪುರಾಣ, ಊರ ಬಯಲಾಟ, 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಮಂಡಳಿ. ಕೇಳಿ ತಿಳಿದವರ ವಿವೇಕವನ್ನು ಹೀನವೆಂದೆಣಿಸುವುದು ಸಲ್ಲದು. ಆದರೆ ಕೇಳಿದ ಕಥೆಯು ಸಾಲದ ಪತ್ರವನ್ನು ಓದಿಕೊಡಲಾರದಷ್ಟೆ.

ಈ ಕೊರತೆಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಎದ್ದು ಕಾಣತೊಡಗಿತು. ಮೈಸೂರು ಸಂಸ್ಥಾನದಲ್ಲಿ 1905ರ ಕಾನೂನಿನಂತೆ ಸಹಕಾರ ಸಂಘಗಳು ಏರ್ಪಟ್ಟುವು. ಸಂಘಕ್ಕೆ ಲೆಕ್ಕದ ಪುಸ್ತಕವೇ ಪ್ರಾಣ. ಹೆಬ್ಬೆಟ್ಟನ್ನೊತ್ತುವ ಸದಸ್ಯನಿಗೆ ತನ್ನ ಸಂಘದ ಲೆಕ್ಕವೂ ಸಾಹುಕಾರನ ಲೆಕ್ಕದಷ್ಟೇ ಅಪರಿಚಿತ. 1911ರಲ್ಲಿ ಸ್ಥಾಪಿತವಾದ ಸಂಪದಭ್ಯುದಯ ಸಮಾಜವು ವ್ಯವಸಾಯ, ಕೈಗಾರಿಕೆಗಳೊಡನೆ ವಿದ್ಯೆಯನ್ನೂ ಒಂದೇ ಸಾಲಿನಲ್ಲಿ ಕುಳ್ಳಿರಿಸಿ ವಿಚಾರಮಾಡಿತು. ಅಕ್ಷರವನ್ನು ದೇಶದ ದುಡಿಮೆಯ ಬಂಡವಾಳವೆಂದು ಭಾವಿಸಿದ್ದು ಆಗ ಹೊಸ ಮಾತು. 1912ರಲ್ಲಿ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ವಯಸ್ಕರಿಗಾಗಿ ಸುಮಾರು 7,000 ಇರುಳು ತರಗತಿಗಳು ತೆರೆದುವು. ಮುಂದೆ ಸರ್ಕಾರದ ನೆರವು ನಿಂತಿತು, ದೀಪಗಳೂ ನಂದಿದುವು.

ರೈತನ ಮಂದಬುದ್ಧಿಯನ್ನು ಇದಕ್ಕೆ ಕಾರಣವೆನ್ನುವುದು ಅನ್ಯಾಯ. ಹಗಲೆಲ್ಲ ನೇಗಿಲ ಹಿಂದೆ ನಡೆದವನು ರಾತ್ರಿ ಅಕ್ಷರ ತಿದ್ದಿ ಕಲಿತನೆಂದೇ ಇಟ್ಟುಕೊಳ್ಳೋಣ; ಆಮೇಲೆ ಅವನು ಓದುವುದೇನನ್ನು? ಹಳ್ಳಿಯಲ್ಲಿ ಪುಸ್ತಕವೆಲ್ಲಿ? ಬಳಸದ ಅಕ್ಷರವು ಬಳಸದ ಕುಡುಗೋಲಿನಂತೆ ತುಕ್ಕುಹಿಡಿಯುವುದು.

ಎರಡನೆಯ ಪ್ರಯತ್ನವು ಈ ಮರ್ಮವನ್ನು ಅರಿತಿತ್ತು. 1940ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಸಂಘದವರು ಆರಂಭಿಸಿದ ಅಕ್ಷರಪ್ರಚಾರದಿಂದ ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿಯು ಬೆಳೆಯಿತು. ತರಗತಿಗಳೊಡನೆ ಅದು ಗ್ರಂಥಾಲಯಗಳನ್ನು ತೆರೆಯಿತು. ಹೊಸದಾಗಿ ಓದಲು ಕಲಿತವರಿಗೆಂದು ‘ಬೆಳಕು’ ಎಂಬ ವಾರಪತ್ರಿಕೆಯನ್ನು ಹೊರಡಿಸಿತು. 1947ರಲ್ಲಿ ನಂಜನಗೂಡಿನಲ್ಲಿ ಪ್ರಾರಂಭವಾದ ವಿದ್ಯಾಪೀಠವು ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿಯನ್ನು ನೆನೆದು, ಹಳ್ಳಿಯ ತರುಣರಿಗೆ ಬೇಸಾಯವನ್ನೂ ಕೈಕಸುಬನ್ನೂ ಓದಿನೊಡನೆ ಕಲಿಸಿತು. ಓದಿದ ಮಗ ಹೊಲ ಬಿಟ್ಟು ಹೋಗುವನೆಂದು ಅಂಜುತ್ತಿದ್ದ ತಂದೆಗೆ ಇದಕ್ಕಿಂತ ತಕ್ಕ ಉತ್ತರವಿರಲಿಲ್ಲ.

ಇರುಳು ಶಾಲೆಯ ವೇಳೆ ಮಾತ್ರ ಗಂಡಸರ ವೇಳೆ. ಆ ಹೊತ್ತಿಗೆ ಹೆಂಗಸು ಒಲೆಯ ಮುಂದಿರುವಳು. ನಾಟಿ, ಕಳೆ, ಕುಯ್ಲುಗಳಲ್ಲಿ ಅವಳ ಪಾಲು ಕಡಮೆಯದಲ್ಲವಾದರೂ ಅವಳ ಬಿಡುವನ್ನು ಯಾರೂ ಲೆಕ್ಕಹಾಕಲಿಲ್ಲ. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಅಕ್ಷರಸ್ಥರು ಗಂಡಸರಲ್ಲಿ ನೂರಕ್ಕೆ ಸುಮಾರು 83, ಹೆಂಗಸರಲ್ಲಿ ಸುಮಾರು 67.