ಅತ್ತರಿನ ತಳದಲ್ಲಿರುವ ಶ್ರೀಗಂಧ

ನಾಡು ಬಿಟ್ಟು ಮುಂಬಯಿಗೆ ಬಂದ ನಮ್ಮಲ್ಲಿ ಅನೇಕರು ಗಂಟುಮೂಟೆಗಳೊಡನೆ ಒಂದು ಗಂಧದ ಕೊರಡನ್ನೂ ಸಾಣೆಕಲ್ಲನ್ನೂ ತಂದಿರುವುದುಂಟು. ದೇವರ ಮನೆಯಲ್ಲಿ ಅದನ್ನು ತೇಯುವಾಗ ಏಳುವ ಪರಿಮಳವನ್ನು ನಾವು ಊರಿನ ಪರಿಮಳವೆಂದೇ ಭಾವಿಸುತ್ತೇವೆ. ಆದರೆ ಇದೇ ನಗರದ ಮಹಮ್ಮದಾಲಿ ರಸ್ತೆಯ ಅತ್ತರಿನ ಅಂಗಡಿಗಳ ಮುಂದೆ ಹಾದುಹೋಗುವಾಗ, ಆ ಗುಲಾಬಿ, ಮಲ್ಲಿಗೆ, ಕೇದಗೆಗಳ ಕಂಪಿನಡಿಯಲ್ಲಿ ಬಹುಕಾಲ ನಮ್ಮ ಶ್ರೀಗಂಧವೇ ಅಡಗಿತ್ತೆಂಬುದು ನಮಗೆ ಹೊಳೆಯುವುದಿಲ್ಲ.

ಸುಗಂಧವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಸುಮಾರು 1025ರಲ್ಲಿ ಚಾಲುಕ್ಯರ ಆಸ್ಥಾನದಲ್ಲಿದ್ದ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಂತರ್ಜಲ, ಗಿಡಮರಗಳ ಆರೈಕೆ, ಅಡಿಗೆ ಇವುಗಳ ಜೊತೆಯಲ್ಲೇ ಸುಗಂಧದ್ರವ್ಯಗಳ ವಿಷಯವೂ ಬಂದಿದೆ. ನೂರು ವರ್ಷಗಳ ತರುವಾಯ ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಸರ ಭೋಗಗಳೊಳಗೆ ಲೇಪನ, ಧೂಪಗಳನ್ನು ಎಣಿಸಿದನು. ಗಂಧವನ್ನು ಅಡಿಗೆಯ ಮಗ್ಗುಲಲ್ಲಿ ಕೂರಿಸಿದ ಚಾವುಂಡರಾಯನೇ ನಮಗೆ ಹೆಚ್ಚು ಮೆಚ್ಚುಗೆ.

ಆದರೆ ಹೂವಿನ ಆವಿಯನ್ನು ಎಣ್ಣೆಯಲ್ಲಿ ಹಿಡಿದಿಡುವ ಕಸಬನ್ನು ಕಾಣಬೇಕಾದರೆ ಉತ್ತರದ ಕನೌಜಿಗೆ ಹೋಗಬೇಕು. ನಮ್ಮ ಇಮ್ಮಡಿ ಪುಲಕೇಶಿಯು ತಡೆದು ನಿಲ್ಲಿಸಿದ ಹರ್ಷವರ್ಧನನ ರಾಜಧಾನಿಯೇ ಅದು. ಅಲ್ಲಿ ‘ದೇಗ್’ ಎಂಬ ತಾಮ್ರದ ದೊಡ್ಡ ಹಂಡೆಗೆ ಹೂವನ್ನೂ ನೀರನ್ನೂ ತುಂಬಿ, ಮುಚ್ಚಳದ ಸುತ್ತ ಹತ್ತಿ ಬೆರೆಸಿದ ಜೇಡಿಮಣ್ಣನ್ನು ಮೆತ್ತಿ, ಕೆಳಗೆ ಸೌದೆಯ ಉರಿ ಹಾಕುತ್ತಾರೆ. ಆವಿಯು ಬಿದಿರಿನ ಕೊಳವೆಯ ಮೂಲಕ ‘ಭಪಕಾ’ ಎಂಬ ಉದ್ದ ಕತ್ತಿನ ಪಾತ್ರೆಗೆ ಇಳಿಯುತ್ತದೆ. ಭಪಕಾ ತಣ್ಣೀರಿನ ತೊಟ್ಟಿಯಲ್ಲಿ ಕುಳಿತಿರುತ್ತದೆ. ಅದರೊಳಗೆ ಮೊದಲೇ ಗಂಧದೆಣ್ಣೆಯನ್ನು ಹಾಕಿರುತ್ತಾರೆ. ಕಸಬಿನ ಗುಟ್ಟೆಲ್ಲ ಇಲ್ಲಿದೆ. ಹೂವಿನ ಕಂಪು ಕ್ಷಣದಲ್ಲಿ ಹಾರಿಹೋಗತಕ್ಕದ್ದು. ಶ್ರೀಗಂಧದೆಣ್ಣೆ ಬೇಗ ಆರದು, ತನ್ನ ವಾಸನೆಯನ್ನು ಮುಂದೆ ಮಾಡದು, ಬಂದುದನ್ನು ಹಿಡಿದುಕೊಳ್ಳುತ್ತದೆ. ತಳಕ್ಕಿಳಿದ ನೀರನ್ನು ಬೇರ್ಪಡಿಸಿ ಮತ್ತೆ ಹಂಡೆಗೆ ಸುರಿದು, ಹೊಸ ಹೂವು ಹಾಕಿ, ಎಣ್ಣೆ ತಣಿಯುವವರೆಗೆ ದಿನಗಟ್ಟಲೆ ಹೀಗೆಯೇ ಮಾಡುತ್ತಾರೆ. ಉಷ್ಣಮಾಪಕವಿಲ್ಲ; ಹಂಡೆಯ ಸದ್ದನ್ನು ಕಿವಿಯೂ ಭಪಕಾದ ಬಿಸಿಯನ್ನು ಅಂಗೈಯೂ ಅಳೆಯುತ್ತವೆ. ಸುಟ್ಟ ಮಣ್ಣನ್ನೇ ಬಟ್ಟಿಯಿಳಿಸಿ ಮೊದಲ ಮಳೆಯ ವಾಸನೆಯ ಅತ್ತರನ್ನೂ ಇವರು ಮಾಡುತ್ತಾರೆಂದರೆ ವಾಚಕರು ಆಶ್ಚರ್ಯಪಟ್ಟಾರು.

ಇಷ್ಟು ಬೆಲೆಬಾಳುವ ಎಣ್ಣೆಯನ್ನು ಮೈಸೂರು ಸಂಸ್ಥಾನ ಬಹುಕಾಲ ತಾನೇ ತೆಗೆಯಲಿಲ್ಲ. ಕೊರಡುಗಳು ಹರಾಜಾಗಿ ಪರದೇಶಕ್ಕೆ, ಅದರಲ್ಲೂ ಜರ್ಮನಿಗೆ ಹೋಗುತ್ತಿದ್ದವು. 1914ರಲ್ಲಿ ಯುದ್ಧ ಹೊತ್ತಿಕೊಂಡಿತು. ಕೊಳ್ಳುವವರಿಲ್ಲದೆ ಮರ ರಾಶಿಬಿತ್ತು. ದಿವಾನ್ ವಿಶ್ವೇಶ್ವರಯ್ಯನವರ ಆಡಳಿತದಲ್ಲಿ, ಆಲ್ಫ್ರೆಡ್ ಚಾಟರ್ಟನ್ನರ ಪ್ರಯತ್ನದಿಂದಲೂ ಬೆಂಗಳೂರಿನ ವಿಜ್ಞಾನ ಮಂದಿರದ ಸಡ್‌ಬರೋ, ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಗಳಿಂದಲೂ 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ಎದ್ದವು. ಸಾಬೂನಿನ ಕಥೆ ಎಲ್ಲರಿಗೂ ಗೊತ್ತು, ಇಲ್ಲಿ ಬೇಡ.

ಆದರೆ ಕಾರ್ಖಾನೆ ಬೆಳೆದಂತೆ ಮರ ಬೆಳೆಯಲಿಲ್ಲ. ಎಣ್ಣೆ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಬಲಿಯಲು ದಶಕಗಳೇ ಬೇಕು. 1899ರಲ್ಲಿ ಕೊಡಗಿನಲ್ಲಿ ಕಂಡುಬಂದ, ಎಲೆಗಳನ್ನು ಕಿರಿದಾಗಿಸಿ ಮರವನ್ನೇ ಒಣಗಿಸುವ ಸ್ಪೈಕ್ ರೋಗ ಅಸಂಖ್ಯ ಮರಗಳನ್ನು ತಿಂದಿತು. ಕಳ್ಳರ ಕೊಡಲಿ ಇನ್ನಷ್ಟನ್ನು ತಿಂದಿತು. ಇವೆರಡಕ್ಕಿಂತ ನಮಗೆ ಹೆಚ್ಚು ಖೇದವಾಗುವುದು ಕಾನೂನಿನ ವಿಷಯದಲ್ಲಿ. ಶ್ರೀಗಂಧ ರಾಜವೃಕ್ಷವಾದುದರಿಂದ ರೈತನ ಹೊಲದಲ್ಲಿ ಹುಟ್ಟಿದ ಮರವೂ ಸರ್ಕಾರದ್ದು. ಕಾಯುವ ಹೊಣೆ ಮಾತ್ರ ಅವನದು. ಹಕ್ಕಿ ಹಿಕ್ಕೆಯಿಂದ ಮೊಳೆತ ಸಸಿಯನ್ನು ಅವನು ಗುಟ್ಟಾಗಿ ಕಿತ್ತೆಸೆದರೆ ಯಾರನ್ನು ದೂರೋಣ? ಭೂಮಿಯ ಒಡೆಯನೇ ಮರದ ಒಡೆಯನೆಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರಲ್ಲಿ.

ಅಷ್ಟರಲ್ಲಿ ಎಣ್ಣೆಯ ಬೆಲೆ ಕೈಗೆಟುಕದಂತಾಗಿ, ಕನೌಜಿನ ಅನೇಕ ಭಪಕಾಗಳಲ್ಲಿ ಗಂಧದ ಬದಲು ವಾಸನೆಯಿಲ್ಲದ ಪ್ಯಾರಫಿನ್ ಎಣ್ಣೆ ಬಂದು ಕುಳಿತಿತ್ತು. 2014ರಲ್ಲಿ ಕನೌಜಿನ ಅತ್ತರಿಗೆ ಭೌಗೋಳಿಕ ಗುರುತು ದೊರೆಯಿತು. ತಳದ ಗಂಧ ಮಾತ್ರ ಅಪರೂಪವಾಗಿಯೇ ಉಳಿದಿದೆ.

ಆದುದರಿಂದ ಮದುವೆಗೋ ಹಬ್ಬಕ್ಕೋ ಅತ್ತರು ಕೊಳ್ಳುವ ನಮ್ಮವರು ಹೂವಿನ ಹೆಸರನ್ನಷ್ಟೇ ಕೇಳಿ ಬರಬಾರದು. ತಳದ ಎಣ್ಣೆ ಯಾವುದೆಂದೂ ಕೇಳಬೇಕು. ಕರವಸ್ತ್ರದ ಅಂಚಿಗೆ ಒಂದಿಷ್ಟು ಸವರಿಸಿಕೊಂಡು ಮನೆಗೆ ಬನ್ನಿ. ಮರುದಿನ ಮಲ್ಲಿಗೆ ಆರಿದ ಮೇಲೆ ಅಲ್ಲಿ ಏನೂ ಉಳಿಯದಿದ್ದರೆ ಅದರಲ್ಲಿ ಶ್ರೀಗಂಧ ಇರಲಿಲ್ಲ.