ಗಣಕಕ್ಕೂ ಒಂದು ಸಾಮಾನು ಚೀಟಿ

ತೋಟದ ಮನೆಯಿಂದ ಪೇಟೆಯ ಅಂಗಡಿಗೆ ಸಾಮಾನಿನ ಚೀಟಿ ಕೊಟ್ಟು ಕಳುಹಿಸುವುದು ಸಕಲೇಶಪುರ, ಆಲೂರು ಗುಡ್ಡಗಾಡಿನಲ್ಲಿ ಹಳೆಯ ರೂಢಿ. ಚೀಟಿಯಲ್ಲಿ ಇರುವುದನ್ನೆಲ್ಲ ಅಂಗಡಿಯವರು ಕಟ್ಟಿ ಕೊಡುತ್ತಾರೆ. ಅಂಗಡಿಯ ಮೇಲೆ ನಂಬಿಕೆ ಇದ್ದರೆ ಮಾತ್ರ ಈ ವ್ಯವಹಾರ. ಗಣಕಯಂತ್ರಕ್ಕೆ ಬೇಕಾದ ತಂತ್ರಾಂಶಗಳನ್ನು ತರಿಸಿ ಕೂರಿಸುವ ‘ಪ್ಯಾಕೇಜ್ ಮ್ಯಾನೇಜರ್’ ಮಾಡುವುದೂ ಇದೇ ಕೆಲಸವನ್ನು.

1990ರ ದಶಕದಲ್ಲಿ ತಂತ್ರಾಂಶಗಳು ಫ್ಲಾಪಿ, ಸಿ.ಡಿ.ಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದವು. ಜತೆಗೆ ವೈರಸ್ಸೂ ಬರುತ್ತಿತ್ತು. ಕನ್ನಡಿಗರಿಗೆ ಮತ್ತೊಂದು ತೊಡಕು: ಯೂನಿಕೋಡ್ ಬಳಕೆಗೆ ಬರುವ ಮುನ್ನ, ಒಂದು ಫಾಂಟಿನಲ್ಲಿ ಬರೆದ ಪತ್ರವನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಷ್ಟೇ ಕಾಣುತ್ತಿದ್ದವು.

ಇತ್ತ ಲಿನಕ್ಸ್ ಲೋಕದಲ್ಲಿ ಹೊಸ ಏರ್ಪಾಡು ರೂಪುಗೊಳ್ಳುತ್ತಿತ್ತು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಗೆ ಮರುವರ್ಷ ‘ಡಿಪಿಕೆಜಿ’ ಬಂತು. 1995ರಲ್ಲಿ ರೆಡ್ ಹ್ಯಾಟ್ ‘ಆರ್‌ಪಿಎಂ’ ತಂದಿತು. ಆದರೆ ಒಂದು ತಂತ್ರಾಂಶ ನಡೆಯಲು ಇನ್ನೂ ನಾಲ್ಕು ಬೇಕಾದರೆ ಬಳಕೆದಾರನೇ ಹುಡುಕಬೇಕಿತ್ತು. 1999ರ ಡೆಬಿಯನ್ ಆವೃತ್ತಿಯೊಂದಿಗೆ ಬಂದ ‘ಎಪಿಟಿ’, ಕೇಳಿದ್ದರ ಜತೆ ಅದಕ್ಕೆ ಬೇಕಾದುದನ್ನೂ ಉಗ್ರಾಣದಿಂದ ತಾನೇ ತರಿಸತೊಡಗಿತು. ಮ್ಯಾಕ್‌ಗೆ 2002ರಲ್ಲಿ ಈಗಿನ ಮ್ಯಾಕ್‌ಪೋರ್ಟ್ಸ್, 2009ರಲ್ಲಿ ಹೋಂಬ್ರೂ ಬಂದವು. ವಿಂಡೋಸ್‌ಗೆ 2011ರಲ್ಲಿ ಚಾಕೊಲೇಟಿ ಬಂತು. ಮೈಕ್ರೋಸಾಫ್ಟ್ ತನ್ನದೇ ‘ವಿನ್‌ಗೆಟ್’ ಅನ್ನು 2020ರಲ್ಲಿ ಪ್ರಕಟಿಸಿತು.

ಹಾಗಾದರೆ ಯಾವುದನ್ನು ಆರಿಸುವುದು? ಡೆಬಿಯನ್, ಉಬುಂಟು ಬಳಸುವವರಿಗೆ ಎಪಿಟಿ, ಫೆಡೋರಾದವರಿಗೆ ಡಿಎನ್‌ಎಫ್ ವ್ಯವಸ್ಥೆಯ ಜತೆಗೇ ಬಂದಿರುತ್ತವೆ. ಹೊಸ ಮ್ಯಾಕ್‌ಗೆ ಹೋಂಬ್ರೂ ಸುಲಭ. ಅದು ಈಚಿನ ಕೆಲವು ಆವೃತ್ತಿಗಳಿಗಷ್ಟೇ ಬೆಂಬಲ ನೀಡುವುದರಿಂದ ಹಳೆಯ ಮ್ಯಾಕ್‌ಗೆ ಮ್ಯಾಕ್‌ಪೋರ್ಟ್ಸ್ ಲೇಸು. ವಿಂಡೋಸ್ 11ರಲ್ಲಿ ವಿನ್‌ಗೆಟ್ ಇದ್ದೇ ಇರುತ್ತದೆ.

ಉಗ್ರಾಣದಿಂದ ಬಂದ ಕಡತ ದಾರಿಯಲ್ಲಿ ಬದಲಾಗಿಲ್ಲವೆಂಬುದನ್ನು ಎಪಿಟಿ ಡಿಜಿಟಲ್ ಸಹಿಯ ಆಧಾರದಿಂದ ಪರಿಶೀಲಿಸುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಕೈಕೊಡುವ ಊರುಗಳಿಗೆ ಇನ್ನೊಂದು ಅನುಕೂಲವಿದೆ: ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಅಲ್ಲಿಂದಲೇ ಮುಂದುವರಿಸಬಹುದು.

ಕನ್ನಡದ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳು ಇಂದು ಡೆಬಿಯನ್ ಉಗ್ರಾಣದಲ್ಲಿವೆ. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡ ಗಣಕ ಪರಿಷತ್ತಿನ ‘ಕಗಪ’ ವಿನ್ಯಾಸವೂ ಸೇರಿದೆ. ಒಮ್ಮೆ ಸಿ.ಡಿ.ಗಾಗಿ ಹಾಸನಕ್ಕೋ ಬೆಂಗಳೂರಿಗೋ ಹೋಗಬೇಕಿದ್ದ ಅಕ್ಷರಗಳು ಈಗ ಒಂದು ಸಾಲಿನ ಆಜ್ಞೆಗೆ ಬಂದು ಕೂರುತ್ತವೆ. ಉಗ್ರಾಣದಲ್ಲಿ ಇಲ್ಲದ್ದನ್ನು ಮಾತ್ರ ಸಿಕ್ಕ ಸಿಕ್ಕ ತಾಣಗಳಿಂದ ಇಳಿಸಿಕೊಳ್ಳದೆ, ತಯಾರಿಸಿದವರಿಂದಲೇ ಪಡೆಯುವುದು ಕ್ಷೇಮ. ಗುರುತಿಲ್ಲದ ಅಂಗಡಿಗೆ ಯಾರೂ ಚೀಟಿ ಕಳುಹಿಸುವುದಿಲ್ಲವಲ್ಲ.